ಗುಂಡಿ ಬಿಸಿಯಾದ ದಿನ

ಲೋಕದಲ್ಲಿ ಏನೂ ಕೊಳೆಯದೆ ವರ್ಷಗಳೇ ಆಗಿದ್ದವು. ಗೊಬ್ಬರ ಕಾಣದ ನೆಲದಲ್ಲಿ ಬದನೆ ಗಿಡಗಳು ಹೂ ಬಿಡುವ ಮೊದಲೇ ಸೊರಗುತ್ತಿದ್ದವು. ಆದರೂ ನಿಂಬೆವ್ವ ಜೋಳದ ದಂಟು, ತೊಗರಿ ಹೊಟ್ಟನ್ನು ತಿಪ್ಪೆಗುಂಡಿಗೆ ಸುರಿದು, ದಿನಾ ಕೈ ತೂರಿಸಿ ನೋಡುತ್ತಿದ್ದಳು. ಅಂದು ಕೈಗೆ ಬಿಸಿ ತಾಗಿತು.

"ಅವ್ವಾ, ಇದೇನ ವಾಸನಿ?" ಎಂದು ಮಗಳು ಚಂಪಾ ಮೂಗು ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಅವಳು ಕೊಳೆತದ್ದನ್ನು ಮೂಸಿದವಳಲ್ಲ.

"ಕೊಳಿಯಾಕತ್ತೈತಿ ಮಗಳ! ಇನ್ನ ಗಿಡದ ತುಂಬ ಬದನಿಕಾಯಿ!"

"ಅಪ್ಪಗ ಹೇಳಿ ಬರ್ತೀನಿ," ಎಂದು ಚಂಪಾ ಹೊಲದ ಮೂಲೆಗೆ ಓಡಿದಳು. ಸತ್ತ ಅಪ್ಪ ಅಲ್ಲಿ ನಿದ್ದೆ ಹೋದವನಂತೆ ಮಲಗಿದ್ದ. ದಿನವೂ ಚಪ್ಪಡಿ ಸರಿಸಿ ಸತ್ತವರ ಮುಖ ನೋಡುವುದು ಊರಿನ ರೂಢಿ.

ನಿಂಬೆವ್ವನ ನಗು ಉಡುಗಿತು. "ಸರಿಸಬ್ಯಾಡ, ಚಂಪಾ!" ಎಂದು ಕೂಗುತ್ತ ಹಿಂದೆಯೇ ಓಡಿದಳು.

ಚಪ್ಪಡಿ ಸರಿದಿತ್ತು. ಮಗಳು ಹಿಗ್ಗಿನಿಂದ ಕೂಗಿದಳು: "ಅವ್ವಾ, ಇಲ್ಲೂ ಬಂದೈತಿ ವಾಸನಿ!"