ನಿಂಗಾಜಿಯ ಪಾಲಿನ ಲೆನ್ಸ್

ಎಲ್ಲರ ಕಣ್ಣಿಗೂ ಹುಟ್ಟಿನಿಂದಲೇ ಮಂಜು ಕವಿಯುತ್ತಿದ್ದ ಕಾಲ ಅದು. ಲೆನ್ಸ್ ಹಾಕಿಕೊಂಡರೆ ಸಂಜೆಯವರೆಗೆ ಲೋಕ ಕಾಣುತ್ತಿತ್ತು. ಆಮೇಲೆ ತೆಗೆದು ಎಸೆಯಬೇಕು. ಮರುದಿನ ಹಾಕಿದರೂ, ಇನ್ನೊಬ್ಬರದನ್ನು ಹಾಕಿದರೂ ಕಣ್ಣು ಕೊಳೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಜವರಮ್ಮನ ಮನೆಯಲ್ಲಿ ಆ ಮಾತನ್ನು ಯಾರೂ ಮೀರುತ್ತಿರಲಿಲ್ಲ. ದುಡ್ಡು ಉಳಿಸಲು ಅವರು ಕಂಡುಕೊಂಡ ದಾರಿ ಬೇರೆ: ಸೊಸೆ ನಿಂಗಾಜಿಗೆ ಲೆನ್ಸ್ ತರುತ್ತಲೇ ಇರಲಿಲ್ಲ. ಒಲೆ, ಕೊಟ್ಟಿಗೆ ಎರಡೂ ಕೈಗೇ ಗೊತ್ತಿರುವವಳು ನೋಡುವುದಾದರೂ ಏನಿತ್ತು?

ಮಗಳ ನಾಮಕರಣಕ್ಕೆ ಮಾತ್ರ ಒಂದು ಜೊತೆ ತರುತ್ತೇನೆಂದು ಗಂಡ ಬೋರಲಿಂಗ ಮಾತು ಕೊಟ್ಟಿದ್ದ. ತಂದೂ ಇದ್ದ. ಅಂದು ನಿಂಗಾಜಿ ಸೋಪು ಹಾಕಿ ಕೈ ತೊಳೆದು, ಒಣಗಿಸಿಕೊಂಡು ತೊಟ್ಟಿಲ ಪಕ್ಕ ಕೂತಳು.

"ಅತ್ತೆ, ನನ್ ಲೆನ್ಸ್ ಕೊಡಿ. ಮಗೀನ ಮುಖ ನೋಡ್ಕತೀನಿ."

"ಅದನ್ನ ಹೊಳೆಯಮ್ಮನ ಕಣ್ಣಿಗೆ ಇಟ್ಬಿಟ್ನಲ್ಲೇ," ಎಂದಳು ಜವರಮ್ಮ, ಪ್ರೀತಿಯಿಂದಲೇ. "ನಿನ್ ಕಣ್ಣು ಕಾಪಾಡ್ಲಿ ಅಂತ ಹರಕೆ ಹೊತ್ತಿದ್ದೆ. ಬೆಳ್ಳಿ ಕಣ್ಣು ಮಾಡ್ಸೋದು ಈಗ ನಮ್ ಕೈಲಾಯ್ತದಾ?"

ನಿಂಗಾಜಿ ಗಂಡನ ದನಿಯಿದ್ದ ಕಡೆ ತಿರುಗಿದಳು. "ಹಂಗಾರೆ ನಿಮ್ದನ್ನೇ ಒಂದ್ ಗಳಿಗೆ ಕೊಡಿ."

"ಹುಚ್ಚಿ! ನಿನ್ ಕಣ್ಣು ಕೆಟ್ಟೋದ್ರೆ?" ಎಂದ ಬೋರಲಿಂಗ.

"ಇಂಥ ಗಂಡ ಸಿಗಾಕೆ ಪುಣ್ಯ ಮಾಡಿರ್ಬೇಕು ಕಣವ್ವ," ಎಂದರು ನೆಂಟರು.

ದೇವರ ಮನೆಯಲ್ಲಿ ಕಲ್ಲಿನ ಹೊಳೆಯಮ್ಮನ ಕಣ್ಣುಗಳು ದೀಪಕ್ಕೆ ಹೊಳೆಯುತ್ತಿದ್ದವು. ನಿಂಗಾಜಿ ತೊಟ್ಟಿಲೊಳಗೆ ಕೈಯಿಟ್ಟು ಮಗುವಿನ ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಬೆರಳಾಡಿಸಿದಳು. ಬೆರಳು ಮತ್ತೆ ಮೂಗಿನ ಬಳಿಗೆ ಬಂತು.

"ಸಾಕು ಬಿಡವ್ವ," ಎಂದು ಜವರಮ್ಮ ಆ ಕೈಯನ್ನು ಎತ್ತಿ ಬದಿಗಿಟ್ಟಳು. "ಕಾಡಿಗೆ ಅಳ್ಸೋಯ್ತದೆ. ಮಗೀನ ನೋಡಾಕೆ ಜನ ಬಂದವ್ರೆ."