ತಪ್ಪದ ಮಾತ್ರೆ

ಸಂಜೆ ಸ್ಕೂಲಿನಿಂದ ಬಂದ ವನಮಾಲಾಳನ್ನು ಅತ್ತೆ ಮತ್ತೆ ಎಂದೋ ತೀರಿಹೋದ ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ಅವರ ಕೈ ಬೇರೆ ನಡುಗುತ್ತಿತ್ತು. ಇದು ಮರೆವಿನ ಕಾಯಿಲೆಯೇ ಆದರೆ ಇವರನ್ನು ಒಬ್ಬರನ್ನೇ ಬಿಡುವಂತಿಲ್ಲ. ಇಪ್ಪತ್ತು ವರ್ಷದ ಟೀಚರ್ ಕೆಲಸ ಬಿಡಲೇಬೇಕು. ಅತ್ತೆಯನ್ನು ಕರೆದೊಯ್ದ ಕ್ಲಿನಿಕ್ಕಿನಲ್ಲೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಡಾಕ್ಟರು ಅತ್ತೆಯ ಬೆರಳು ಚುಚ್ಚಿ ನೋಡಿದವರೇ ಗ್ಲೂಕೋಸ್ ಕುಡಿಸಿದರು. ಕಾಲು ಗಂಟೆಯಲ್ಲಿ ಅತ್ತೆಯ ಕಣ್ಣು ತಿಳಿಯಾಯಿತು.

"ಯಾಕೇ ವನಮಾಲಾ, ಮುಖ ಬಾಡಿಹೋಗಿದೆ? ಹೆಡ್‌ಮಿಸ್ ಬೈದ್ರೇನೇ?"

"ಇದು ಮರೆವಲ್ಲಮ್ಮಾ, ಶುಗರ್ ತೀರಾ ಇಳಿದುಹೋಗಿತ್ತು," ಎಂದರು ಡಾಕ್ಟರು. "ಎಷ್ಟು ದಿನಕ್ಕೊಂದ್ಸಲ ಹೀಗಾಗುತ್ತೆ?"

"ಹದಿನೈದು ದಿನಕ್ಕೊಂದ್ಸಲ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ ಡಾಕ್ಟ್ರೇ. ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ನಾನು."

"ಇವಳು ತಪ್ಪಿಸೋದುಂಟೇ?" ಅತ್ತೆ ಹೆಮ್ಮೆಯಿಂದ ಡಾಕ್ಟರ ಕಡೆ ತಿರುಗಿದರು. "ಏಕಾದಶಿ ದಿನ ನಾನು ಬೇರೇನೂ ಮುಟ್ಟಲ್ಲ, ಬರೀ ತೀರ್ಥ, ಆ ತೀರ್ಥದ ಜೊತೇಲೇ ಶುಗರ್ ಮಾತ್ರೆ ನುಂಗಿಸಿ ಸ್ಕೂಲಿಗೆ ಹೋಗ್ತಾಳೆ ನನ್ನ ಸೊಸೆ."