ಹತ್ತೊಂಬತ್ತು ನಿಮಿಷದ ಏರು

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಬ್ರೆಡ್ಡಿನ ವ್ಯಾನು ಎಂದಿನಂತೆ ಏಳೂವರೆಗೆ ಹಾರ್ನ್ ಹೊಡೆಯಿತು. ಬೆನೆದಿತ ಬಾಗಿಲು ತೆರೆದಳು. ಹಿಡಿಗೆ ತೂಗುಹಾಕಿದ್ದ ಬಟ್ಟೆಚೀಲದಲ್ಲಿ ನಾಲ್ಕು ಬನ್ನುಗಳಿದ್ದವು. ಎರಡು ಅವಳವು, ಎರಡು ಅವಳ ಗಂಡ ಅದೆರಿತುವಿನವು.

"ಕೈ ಅಭ್ಯಾಸ, ಮಗಳೇ. ನಾಳೆಯಿಂದ ಎರಡೇ ಹಾಕ್ತೀನಿ," ಎಂದಳು ವ್ಯಾನಿನೊಳಗಿಂದ ಜುಲ್ಮೀರ. ಅರವತ್ತು ದಾಟಿದ ಹೆಂಗಸು. ಒಲೆ ಹಚ್ಚದ ಸೋಮವಾರವೊಂದನ್ನು ಬಿಟ್ಟು ದಿನವೂ ಈ ಊರಿಗೆ ಹಂಚಿ, ಬೆಟ್ಟದ ನೆತ್ತಿಯ ಫೊಂತೆ ಸೆಕ ಹಳ್ಳಿಗೆ ಬ್ರೆಡ್ ಒಯ್ಯುವವಳು. ಹೊರಡುವ ಬದಲು ಅವಳು ಇಂಜಿನ್ ಆರಿಸಿದಳು. "ಇಂಥ ಹೊತ್ತಲ್ಲಿ ಕೇಳಬಾರದು, ಆದ್ರೂ ಕೇಳ್ತೀನಿ. ನನ್ನದೊಂದು ಚರ್ಮದ ಪಟ್ಟಿ ಅವನ ಹತ್ರ ಉಳೀತು. ಬ್ರೆಡ್ ತಟ್ಟೆ ಬಿಗಿಯೋದು. ಒಂದು ದಿನಕ್ಕೆ ಅಂತ ಈಸ್ಕೊಂಡೋನು ಮೂರು ವರ್ಷ ಮಾಡ್ದ. ಬಟ್ಟೆ ಒಣಗಿಸೋ ಹಗ್ಗ ಕಟ್ಕೊಂಡು ಓಡಾಡ್ತಿದ್ದೀನಿ, ತಿರುವು ಬಂದಾಗೆಲ್ಲ ಬ್ರೆಡ್ಡು ಒಂದೇ ಮೂಲೆಗೆ ಹೋಗಿ ಬೀಳುತ್ತೆ."

ಪಟ್ಟಿ ಸಿಕ್ಕಿದ್ದು ಅದೆರಿತುವಿನ ಸೈಕಲ್ಲಿನ ಸೀಟಿನ ಕೆಳಗಿನ ಚೀಲದಲ್ಲಿ, ಪಂಕ್ಚರ್ ಸಾಮಾನಿನ ಅಡಿಗೆ. ಒಂದು ತುದಿಗೆ ಹಿತ್ತಾಳೆಯ ಕೊಕ್ಕೆ, ಇನ್ನೊಂದು ತುದಿಗೆ ಕೈ ತೂರುವಷ್ಟು ಕುಣಿಕೆ. ಕುಣಿಕೆಗೆ ಅವಳ ಹಳೆಯ ನೀಲಿ ಲಂಗದ ಬಟ್ಟೆಯನ್ನು ಸುತ್ತಿ ಹೊಲಿದಿತ್ತು. ಅಂಗೈ ಉಜ್ಜಿ ಉಜ್ಜಿ ನೀಲಿ ಬಿಳಿಚಿಕೊಂಡಿತ್ತು.

ಫೊಂತೆ ಸೆಕದ ಏರು ಆರು ಕಿಲೋಮೀಟರು, ಹನ್ನೊಂದು ತಿರುವು. ಅದನ್ನು ಸೈಕಲ್ಲಿನಲ್ಲಿ ಹತ್ತಿದ ಅದೆರಿತುವಿನ ದಾಖಲೆ ಹತ್ತೊಂಬತ್ತು ನಿಮಿಷ, ಹನ್ನೆರಡು ಸೆಕೆಂಡು. ಭೂಗೋಳ ಓದಿದವಳೆಂದು ಸೈಕಲ್ ಸಂಘದವರು ದಾರಿಗಳ ನಕಾಶೆಯನ್ನು ಬೆನೆದಿತಳ ಕೈಲೇ ಬರೆಸಿದ್ದರು. ಒಂದೊಂದು ತಿರುವನ್ನೂ ಅಳೆದು ಬರೆದವಳು, ಗಂಡ ಹೇಳಿದ ಸಮಯವನ್ನು ಮಾತ್ರ ಹಾಗೇ ಬರೆದುಕೊಂಡಿದ್ದಳು. ಅದನ್ನು ನಂಬಿ ಬಂದ ಪರದೇಶದ ಸೈಕಲ್ ಸವಾರರು ಏಳನೇ ತಿರುವಿನ ಓಕ್ ಮರದ ಕೆಳಗೆ ವಾಂತಿ ಮಾಡಿಕೊಳ್ಳುತ್ತಿದ್ದರು. ಅಂಥ ಬೆಟ್ಟ ಗೆದ್ದವನು ಹಿತ್ತಲಿನ ಅಂಜೂರದ ಮರದಿಂದ, ಒಂದಾಳೆತ್ತರದಿಂದ ಬಿದ್ದು ಸತ್ತ. ಸೋಮವಾರ ಮಾತ್ರ ಅವನು ಬೆಟ್ಟದ ಕಡೆ ಹೋಗುತ್ತಿರಲಿಲ್ಲ. ಕಾಲಿಗೂ ಒಂದು ದಿನ ರಜೆ ಬೇಕು ಎನ್ನುತ್ತಿದ್ದ.

"ಚಿಕ್ಕಮ್ಮ, ಇದನ್ನ ಎಲ್ಲಿಗೆ ಸಿಕ್ಕಿಸ್ತಿದ್ದರು?" ಎಂದಳು ಬೆನೆದಿತ, ಪಟ್ಟಿ ಹಿಡಿದು ವ್ಯಾನಿನ ಬಳಿಗೆ ಬಂದು.

ಜುಲ್ಮೀರ ಸ್ವಲ್ಪ ಹೊತ್ತು ಕೈಯ ಹಿಟ್ಟು ಒರೆಸಿಕೊಂಡಳು. "ನನ್ನ ವ್ಯಾನಿನ ಹಿಂಬಾಗಿಲ ಹಿಡಿಗೆ. ಎರಡನೇ ತಿರುವಿಂದ ಹತ್ತನೇದರ ತನಕ. ಕೊನೇದನ್ನ ತಾನೇ ತುಳೀತಿದ್ದ, ನೋಡೋರಿಗೆ ಬೆವರು ಕಾಣಬೇಕಲ್ಲ. ನಂಗೆ ಕನ್ನಡೀಲಿ ಕಾಣಿಸ್ತಿದ್ದ. ಹಾಡ್ಕೊಂಡು ಬರ್ತಿದ್ದ, ಮಗಳೇ."

ಅವನು ಹಾಡಿದ್ದನ್ನು ಬೆನೆದಿತ ಕೇಳಿಯೇ ಇರಲಿಲ್ಲ. ನರಳಿದ್ದನ್ನು ಕೇಳಿದ್ದಳು. ಮೂರು ವರ್ಷ, ಪ್ರತಿ ಸಂಜೆ, ಅವನ ಮೀನಖಂಡಕ್ಕೆ ಕರ್ಪೂರದೆಣ್ಣೆ ತಿಕ್ಕಿದ್ದಳು.

ಆಗ ಗೇಟಿನ ಬಳಿ ಸೈಕಲ್ ಬ್ರೇಕು ಕಿರುಗುಟ್ಟಿತು. ಸಂಘದ ಅಧ್ಯಕ್ಷ ಅನಕ್ಲೆತು, ಬಿಗಿ ಚಡ್ಡಿ, ಎರಡೂ ಮೊಣಕಾಲಿಗೆ ಬ್ಯಾಂಡೇಜು. ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡರು.

"ನೋಡಮ್ಮ, ಏರಿಗೆ ಅವನ ಹೆಸರೇ ಇಡ್ತಿದ್ದೀವಿ. ಬುಡದಲ್ಲೊಂದು ಫಲಕ. ಅದರ ಮೇಲೆ ಹೆಸರು, ದಾಖಲೆ ಸಮಯ. ಅಕ್ಷರ ಬರೆಯೋನು ಸಂಜೆ ಬರ್ತಾನೆ. ಅದಕ್ಕೆ ಮೊದಲು ನಾನೂ ಕೊನೇ ಸಲ ಒಂದು ಕೈ ನೋಡ್ಬಿಡ್ತೀನಿ. ಅವನ ನೆನಪಿಗೆ."

"ಅಧ್ಯಕ್ಷರೇ, ಎದೆಗೆ ಸ್ಟೆಂಟ್ ಹಾಕಿಸ್ಕೊಂಡು ಎಷ್ಟು ದಿನ ಆಯ್ತು?" ಎಂದಳು ಜುಲ್ಮೀರ.

"ಆರು ವಾರ."

"ಡಾಕ್ಟ್ರು ಏನಂದ್ರು?"

"ಮೆಟ್ಟಿಲು ಹತ್ತಬೇಡಿ ಅಂದ್ರು. ರಸ್ತೆ ವಿಷಯ ಅವರು ಎತ್ತಲೇ ಇಲ್ಲ." ಅನಕ್ಲೆತು ಬೆಟ್ಟದ ಕಡೆ ನೋಡಿದರು. "ಮೂರು ವರ್ಷದಿಂದ ಇಪ್ಪತ್ತೆಂಟು ನಿಮಿಷದ ಕೆಳಗೆ ಇಳೀತಿಲ್ಲ ನಂಗೆ. ಅವನೂ ನನ್ನ ಹಾಗೇ ಬನ್ನು ತಿಂದು ಬೆಳೆದೋನು. ಅವನ ಕೈಲಿ ಆಯ್ತು ಅಂದ್ಮೇಲೆ ಮನುಷ್ಯರಿಂದ ಆಗೋ ಕೆಲಸ ತಾನೇ? ಇವತ್ತು ಪ್ರಾಣ ಹೋದ್ರೂ ಸರಿ, ನಿಲ್ಲೋದಿಲ್ಲ."

ಪಟ್ಟಿ ಬೆನೆದಿತಳ ಕಪ್ಪು ಲಂಗದ ಮಡಿಕೆಯಲ್ಲಿತ್ತು. ಜುಲ್ಮೀರ ಅವಳ ಮುಖ ನೋಡಿದಳು. ಪಟ್ಟಿಯನ್ನು ಸುಮ್ಮನೆ ಬ್ರೆಡ್ಡಿನ ಚೀಲದಲ್ಲಿಟ್ಟು ಕೊಟ್ಟುಬಿಟ್ಟರೆ ಮುಗಿಯಿತು. ಸಂಜೆಗೆ ಅದೆರಿತುವಿನ ಫಲಕ ಏಳುತ್ತದೆ. ಪಕ್ಕದಲ್ಲೇ ಇನ್ನೊಂದಕ್ಕೂ ಜಾಗವಿದೆ.

ಬೆನೆದಿತ ವ್ಯಾನಿನ ಹಿಂದಕ್ಕೆ ನಡೆದಳು. ಹಿತ್ತಾಳೆಯ ಕೊಕ್ಕೆಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು.

"ತಗೊಳ್ಳಿ ಚಿಕ್ಕಮ್ಮ, ನಿಮ್ಮ ಪಟ್ಟಿ," ಎಂದಳು, ಗೇಟಿನವರೆಗೂ ಕೇಳುವಂತೆ. "ನಮ್ಮನೆಯವರು ಮೂರು ವರ್ಷ ಇದನ್ನೇ ಹಿಡ್ಕೊಂಡು ಬೆಟ್ಟ ಹತ್ತಿದರು. ತುಂಬ ಉಪಕಾರ ಆಯ್ತು."

ಕುಣಿಕೆ ಗಾಳಿಯಲ್ಲಿ ತೂಗಿತು. ಅನಕ್ಲೆತುವಿನ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಅವರು ಸವೆದ ನೀಲಿ ಬಟ್ಟೆಯನ್ನು ನೋಡಿದರು, ಹನ್ನೊಂದು ತಿರುವುಗಳನ್ನು ನೋಡಿದರು, ತಮ್ಮ ಮೊಣಕಾಲನ್ನೂ ನೋಡಿಕೊಂಡರು. ಬೈಗುಳಕ್ಕೆ ಬೆನೆದಿತ ಸಿದ್ಧಳಾಗಿ ನಿಂತಳು. ಜುಲ್ಮೀರ ಇಂಜಿನ್ ಚಾಲೂ ಮಾಡಿದಳು.

ಅನಕ್ಲೆತು ಹೆಲ್ಮೆಟ್ ಹಾಕಿಕೊಂಡರು. ಸೈಕಲ್ಲನ್ನು ಮೆಲ್ಲಗೆ ತಳ್ಳಿಕೊಂಡು ಬಂದು ವ್ಯಾನಿನ ಹಿಂದೆ ನಿಲ್ಲಿಸಿದರು.

"ಯಾವ ಕೈಲಿ ಹಿಡೀತಿದ್ದ?" ಎಂದರು.